72 ವರ್ಷ ಉಳಿದ ಒಂದು ಪದ

ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿಗೆ ನಾಲ್ಕು ತಾಲೂಕಿನ ಜನ ಬರ್ತಾರೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತಹಶೀಲ್ದಾರರು ಮಾಡಿದ ಖಾತೆ ಬದಲಾವಣೆ ಸರಿಯಿಲ್ಲ ಅನ್ನಿಸಿದವರು ಮೇಲ್ಮನವಿ ಹಾಕೋದು ಇಲ್ಲೇ. ಜಮೀನಿನ ತಕರಾರು ಎಲ್ಲೇ ನಡೆಯಲಿ, ಅರಳಿಕಟ್ಟೆ ಮೇಲೋ, ವಕೀಲರ ಆಫೀಸಿನಲ್ಲೋ, ಒಂದು ಮಾತು ಮಾತ್ರ ಕೇಳಿಯೇ ಕೇಳುತ್ತೆ: "ಅವಳನ್ನ ಮದುವೆ ಮಾಡಿ ಕೊಟ್ಟಾಯ್ತಲ್ಲ, ಅರಿಶಿನ ಕುಂಕುಮಕ್ಕೆ ಕೊಡೋದೂ ಕೊಟ್ಟಾಯ್ತು. ಇನ್ನೇನು ಪಾಲು?"

ಇದನ್ನ ನಾವು ಹಳ್ಳಿಯವರ ಮೊಂಡುತನ ಅಂತ ತಳ್ಳಿಹಾಕ್ತೀವಿ. ಆದರೆ ಈ ಮಾತು ಬಹಳ ವರ್ಷ ಕಾನೂನಿನ ಮಾತೇ ಆಗಿತ್ತು. 1933ರಲ್ಲಿ ಮೈಸೂರು ಸರ್ಕಾರ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಬರೆದಾಗ ಒಂದು ವಿಶೇಷಣ ಸೇರಿಸಿತು: ಮದುವೆಯಾಗದ. ಆ ಪದ ಕಾನೂನಿಂದ ಪೂರ್ತಿ ಹೋಗಿದ್ದು 2005ರಲ್ಲಿ. ಊರಿನಲ್ಲಿ ಜಮೀನಿದ್ದು ಬೆಂಗಳೂರಲ್ಲಿ ಬದುಕುತ್ತಿರುವ ನಾವೆಲ್ಲ ಈ 72 ವರ್ಷದ ಕತೆ ತಿಳಿದಿರಬೇಕು. ಯಾಕಂದ್ರೆ ಇವತ್ತಲ್ಲ ನಾಳೆ ನಮ್ಮ ಮುಂದೆ ಒಂದು ಪತ್ರ ಬರುತ್ತೆ. ಒಂದೋ ಸಹಿ ಹಾಕೋಕೆ, ಇಲ್ಲ ಅಕ್ಕನ ಹತ್ರ ಸಹಿ ಹಾಕಿಸೋಕೆ.

ಕತೆ ಶುರುವಾಗೋದು ಇನ್ನೂ ಹಿಂದೆ, ನಮ್ಮ ನಾಡಿನಲ್ಲೇ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಅನ್ನೋ ವ್ಯಾಖ್ಯಾನ ಬರೆದ. ಆ ಕಲ್ಯಾಣವೇ ಇವತ್ತಿನ ಬಸವಕಲ್ಯಾಣ. ಬ್ರಿಟಿಷರ ಕಾಲದ ಕೋರ್ಟುಗಳು ಇದೇ ಗ್ರಂಥವನ್ನ ಬಂಗಾಳ, ಅಸ್ಸಾಂ ಬಿಟ್ಟು ದೇಶದ ಬಹುಭಾಗದ ಹಿಂದೂ ಕುಟುಂಬಗಳಿಗೆ ಕಾನೂನಾಗಿ ಬಳಸಿದವು. ಕೋರ್ಟುಗಳು ಜಾರಿ ಮಾಡಿದ ಪದ್ಧತಿಯ ತಿರುಳು ಇಷ್ಟು: ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗುವಿಗೆ ಹುಟ್ಟುವಾಗಲೇ ಹಕ್ಕು. ಒಬ್ಬ ಸತ್ತರೆ ಅವನ ಪಾಲು ಉಳಿದ ಗಂಡಸರಿಗೆ ತಾನಾಗಿ ಸೇರಿಕೊಳ್ಳುತ್ತೆ. ಹೆಂಡತಿಗೆ, ಮಗಳಿಗೆ ಜೀವನಾಂಶ, ಮದುವೆ ಖರ್ಚು. "ಮದುವೆ ಮಾಡಿ ಕೊಟ್ಟಾಯ್ತಲ್ಲ" ಅನ್ನೋ ಮಾತಿನ ಬೇರು ಇಲ್ಲಿದೆ.

ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದಾಗ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಇದನ್ನ ಸ್ವಲ್ಪ ಅಲುಗಾಡಿಸಿತು. 1933ರ 'ಹಿಂದೂ ಲಾ ವಿಮೆನ್ಸ್ ರೈಟ್ಸ್ ಆಕ್ಟ್' ಪ್ರಕಾರ, ಮನೆ ಭಾಗವಾಗುವಾಗ ತಾಯಿಗೆ, ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕಿತ್ತು. ಪಾಲು ಗಂಡುಮಕ್ಕಳದ್ದಕ್ಕಿಂತ ಕಡಿಮೆಯೇ. ಆದರೂ ಬ್ರಿಟಿಷ್ ಇಂಡಿಯಾದಲ್ಲಿ ಅಷ್ಟೂ ಇರಲಿಲ್ಲ.

ಆದರೆ ಆ ಕಾಲದ ಹಳ್ಳಿಯಲ್ಲಿ "ಮದುವೆಯಾಗದ ಮಗಳು" ಅಂದ್ರೆ ಯಾರು? ಮೈಸೂರು 1894ರಲ್ಲಿ ಬಾಲ್ಯವಿವಾಹ ತಡೆಗೆ ಮಾಡಿದ್ದ ಕಾನೂನು 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನ ನಿಷೇಧಿಸಿತ್ತು. ಅಂದ್ರೆ ಒಂಬತ್ತನೇ ವರ್ಷಕ್ಕೆ ಮದುವೆ ಮಾಡಿದರೆ ತಕರಾರಿಲ್ಲ. ಮನೆ ಭಾಗವಾಗೋದು ಸಾಮಾನ್ಯವಾಗಿ ಮಕ್ಕಳೆಲ್ಲ ದೊಡ್ಡವರಾದ ಮೇಲೆ. ಅಷ್ಟರಲ್ಲಿ ಹುಡುಗಿಯರು ಗಂಡನ ಮನೆ ಸೇರಿರುತ್ತಿದ್ದರು. ಕಾನೂನು ಕೊಟ್ಟ ಪಾಲನ್ನ ತಗೊಳ್ಳೋಕೆ ಮನೆಯಲ್ಲಿ ಹುಡುಗಿಯೇ ಇರುತ್ತಿರಲಿಲ್ಲ.

ಇಲ್ಲಿ ಪಾವಗಡದ ವಿಷಯ ಹೇಳಲೇಬೇಕು. ಭೂಪಟ ನೋಡಿ, ಪಾವಗಡಕ್ಕೆ ಮೂರು ಕಡೆ ಆಂಧ್ರ. ಆಗ ಅದು ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆ. ಮಡಕಶಿರಾ, ಹಿಂದೂಪುರ, ಪೆನುಕೊಂಡದ ಜೊತೆ ನಮ್ಮ ಕಡೆಯವರು ಹೆಣ್ಣು ಕೊಟ್ಟು ತಂದು ಮಾಡಿಕೊಂಡೇ ಬಂದಿದ್ದಾರೆ. ಈಗ ಇಬ್ಬರು ವಿಧವೆಯರನ್ನ ಕಲ್ಪಿಸಿಕೊಳ್ಳಿ, ಒಬ್ಬಳು ಪಾವಗಡದಲ್ಲಿ, ಇನ್ನೊಬ್ಬಳು ಮಡಕಶಿರಾದಲ್ಲಿ. ಪಾವಗಡದವಳಿಗೆ 1933ರಿಂದಲೇ ಗಂಡನ ಮನೆಯ ಆಸ್ತಿ ಭಾಗವಾದರೆ ಪಾಲು. ಮಡಕಶಿರಾದವಳು 1937ರ ತನಕ ಕಾಯಬೇಕಾಯ್ತು. ಆ ವರ್ಷ ಬ್ರಿಟಿಷ್ ಇಂಡಿಯಾದ ಕಾನೂನು ಬಂತು, ವಿಧವೆಗೆ ಮಗನಷ್ಟೇ ಪಾಲು ಅಂದಿತು, ಅದೂ ಅವಳ ಜೀವಮಾನದವರೆಗೆ ಮಾತ್ರ. 1941ರಲ್ಲಿ ಫೆಡರಲ್ ಕೋರ್ಟ್, ಪ್ರಾಂತ್ಯಗಳಲ್ಲಿ ಈ ಕಾನೂನು ಕೃಷಿ ಜಮೀನಿಗೆ ಅನ್ವಯಿಸಲ್ಲ ಅಂತ ಅಭಿಪ್ರಾಯ ಕೊಟ್ಟಿತು. ಹೊಲ ಬಿಟ್ಟರೆ ಬೇರೆ ಏನೂ ಇಲ್ಲದ ಸೀಮೆಯಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. 1947ರಲ್ಲಿ ಮದರಾಸು ಬೇರೆ ಕಾಯ್ದೆ ಮಾಡಿ ಕೃಷಿ ಜಮೀನನ್ನೂ ಸೇರಿಸಿತು. ಗಡಿಕಲ್ಲಿನ ಈಚೆ ಮೈಸೂರಿನವಳು ಹೀಗೆ ಕೆಲವು ವರ್ಷ ಮುಂದಿದ್ದಳು.

ಸ್ವಾತಂತ್ರ್ಯ ಬಂದ ಮೇಲೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಡಿಯ ಎರಡೂ ಕಡೆ ಒಂದೇ ನಿಯಮ ತಂದಿತು. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ, ವಿಲ್ ಇಲ್ಲದಿದ್ದರೆ, ಮಗ ಮಗಳು ಸಮ. ಮಗಳಿಗೆ ಮದುವೆ ಆಗಿದ್ದರೂ ಸಮ. ಸಮಸ್ಯೆ ಉಳಿದಿದ್ದು ಪಿತ್ರಾರ್ಜಿತದಲ್ಲಿ. ಒಂದು ಲೆಕ್ಕ ಹಾಕೋಣ. 12 ಎಕರೆ ಪಿತ್ರಾರ್ಜಿತ ಖುಷ್ಕಿ ಜಮೀನು, ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾರೆ ಅಂದುಕೊಳ್ಳಿ. ತಂದೆ ತೀರಿಕೊಂಡಾಗ ಮೊದಲು ಗಂಡಸರ ನಡುವೆ ಲೆಕ್ಕಕ್ಕೆ ಒಂದು ಭಾಗ: ತಂದೆಗೆ 4, ಒಬ್ಬೊಬ್ಬ ಮಗನಿಗೆ 4. ಆಮೇಲೆ ತಂದೆಯ 4 ಎಕರೆ ಮೂರು ಮಕ್ಕಳಿಗೂ ಸಮ. ಕೊನೆಗೆ ಒಬ್ಬೊಬ್ಬ ಮಗನಿಗೆ ಸುಮಾರು 5 ಎಕರೆ 13 ಗುಂಟೆ, ಮಗಳಿಗೆ 1 ಎಕರೆ 13 ಗುಂಟೆ. ಆ ಒಂದೂಚಿಲ್ಲರೆ ಎಕರೆ ಕೇಳೋಕೂ ಎಷ್ಟೋ ಹೆಣ್ಣುಮಕ್ಕಳು ಹೋಗಲಿಲ್ಲ.

ಅದೇ ಕಾಯ್ದೆಯ 23ನೇ ಸೆಕ್ಷನ್ ವಾಸದ ಮನೆಯ ಬಗ್ಗೆ ಇತ್ತು. ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳೋ ತನಕ ಹೆಣ್ಣುಮಕ್ಕಳು ಮನೆಯಲ್ಲಿ ಭಾಗ ಕೇಳುವ ಹಾಗಿಲ್ಲ. ಮಗಳು ಅಲ್ಲಿ ವಾಸ ಮಾಡಬೇಕಂದ್ರೆ ಮದುವೆಯಾಗಿರಬಾರದು, ಇಲ್ಲ ಗಂಡ ಬಿಟ್ಟಿರಬೇಕು, ಇಲ್ಲ ಗಂಡನಿಂದ ದೂರವಾಗಿರಬೇಕು, ಇಲ್ಲ ವಿಧವೆಯಾಗಿರಬೇಕು. ವಿಚ್ಛೇದನ, ಮಕ್ಕಳ ಸುಪರ್ದಿ ಅಂತೆಲ್ಲ ನಾವು ಇವತ್ತು ಮಾತಾಡುವಾಗ ಇದನ್ನ ಮರೀಬಾರದು. ಗಂಡನ ಮನೆ ಬಿಟ್ಟು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದವಳಿಗೆ ತವರಲ್ಲಿ ಇರೋಕೆ ಮೂಲೆಯೊಂದು ಸಿಗುತ್ತಿತ್ತು, ಆ ಮನೆಯಲ್ಲಿ ಭಾಗ ಮಾತ್ರ ಕೇಳೋ ಹಾಗಿರಲಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು ಅಂತ 1956ರ ಇನ್ನೊಂದು ಕಾಯ್ದೆ, ಹಿಂದೂ ಅಲ್ಪವಯಸ್ಕರ ಮತ್ತು ಪೋಷಕತ್ವ ಕಾಯ್ದೆ, ಹೇಳುತ್ತಿತ್ತು. ಮಗುವನ್ನ ಇಟ್ಟುಕೊಂಡು ಅವಳು ಬದುಕೋದು ಯಾವುದರ ಮೇಲೆ ಅನ್ನೋದು ಮಾತ್ರ ಅಣ್ಣತಮ್ಮಂದಿರ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು.

ಮುಂದಿನ ಹೆಜ್ಜೆಯಲ್ಲಿ ಗಡಿಯ ಆಚೆಯವರು ಮುಂದೆ ಹೋದರು. ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿದ್ದಾಗ ಆಂಧ್ರಪ್ರದೇಶ ತಂದ ತಿದ್ದುಪಡಿ, 1985ರ ಸೆಪ್ಟೆಂಬರ್ 5ರಿಂದ ಅನ್ವಯವಾಗುವಂತೆ, ಮಗಳಿಗೂ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಕರ್ನಾಟಕದ ತಿದ್ದುಪಡಿಗೆ 1990ರದ್ದು ಅಂತಲೇ ಹೆಸರು, ಜಾರಿಗೆ ಬಂದಿದ್ದು ಮಾತ್ರ 1994ರ ಜುಲೈ 30ರಂದು. ಮಡಕಶಿರಾದ ಹುಡುಗಿಗಿಂತ ಪಾವಗಡದ ಹುಡುಗಿ ಈ ಸಲ ಒಂಬತ್ತು ವರ್ಷ ಹಿಂದೆ. ಎರಡೂ ಕಡೆ ಹಳೇ ಷರತ್ತು ಹಾಗೇ ಉಳಿಯಿತು: ಕಾನೂನು ಜಾರಿಗೆ ಬರುವ ಮುಂಚೆ ಮದುವೆಯಾದ ಮಗಳಿಗೆ ಈ ಹಕ್ಕಿಲ್ಲ. ಹೆಸರಲ್ಲಿ 1990 ಇದ್ದರೂ, ಅಲ್ಲಿಂದ 94ರ ಜುಲೈ ತನಕ ಹಸೆಮಣೆ ಏರಿದವರೆಲ್ಲ ಹೊರಗೆ. ಒಂದೇ ತಂದೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಅನ್ನೋ ಪರಿಸ್ಥಿತಿ.

2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಮಗಳು, ಮದುವೆಯಾಗಿರಲಿ ಬಿಡಲಿ, ಹುಟ್ಟಿನಿಂದಲೇ ಪಾಲುದಾರಳು. 23ನೇ ಸೆಕ್ಷನ್ ರದ್ದು. ಆ ಪದ ಕಾನೂನಿಂದ ಹೋಯ್ತು. ಆದರೆ ಎಲ್ಲ ಹೊಸ ರಿಲೀಸಿನ ಹಾಗೆ ಹಳೇ ಡೇಟಾಕ್ಕೆ ಇದು ಅನ್ವಯಿಸುತ್ತಾ ಅನ್ನೋ ಪ್ರಶ್ನೆ ಉಳಿಯಿತು. ಉತ್ತರ ಸಿಗೋಕೆ 15 ವರ್ಷ ಬೇಕಾಯ್ತು, ಅದರಲ್ಲಿ ಎರಡು ಮುಖ್ಯ ಪ್ರಕರಣ ಹೋಗಿದ್ದು ಕರ್ನಾಟಕದಿಂದಲೇ. 2015ರಲ್ಲಿ ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರ ಆ ದಿನ ತಂದೆ ಬದುಕಿರಬೇಕು ಅಂದಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ 2001ರಲ್ಲೇ ತೀರಿಕೊಂಡಿದ್ದ ತಂದೆಯ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಎರಡಕ್ಕೂ ತಾಳೆಯಾಗದೆ, ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಗೊಂದಲ ಮುಗಿಸಿತು. ಹಕ್ಕು ಹುಟ್ಟಿನಿಂದ ಬರೋದು, 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯ ಇಲ್ಲ. ಮೇಲಿನ 12 ಎಕರೆ ಲೆಕ್ಕ ಈಗ ಸರಳ: ಮೂವರಿಗೂ ತಲಾ 4.

ಈ ಬದಲಾವಣೆ ಬಂದ ಹೊತ್ತಿಗೇ ನಮ್ಮ ಸೀಮೆಯ ಜಮೀನಿನ ಅರ್ಥವೂ ಬದಲಾಯ್ತು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸಾಲ ಮಾಡುತ್ತಿದ್ದ ಪಾವಗಡದ ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂತು. ಜಮೀನು ಮಾರಾಟವಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಹಾಗೆ ಗುತ್ತಿಗೆಗೆ ಹೋದ ಹೊಲವಾದರೆ, 1956ರ ಲೆಕ್ಕದ ಮಗಳಿಗೆ ವರ್ಷಕ್ಕೆ 28,000, ಇವತ್ತಿನ ಲೆಕ್ಕದ ಮಗಳಿಗೆ 84,000. ಕೊರಟಗೆರೆ, ಮಧುಗಿರಿ ಮೇಲೆ ಹೋಗುವ ತುಮಕೂರು-ರಾಯದುರ್ಗ ರೈಲು ಮಾರ್ಗ, ಶಿರಾ ಹೆದ್ದಾರಿ, ವಸಂತನರಸಾಪುರದ ಕೈಗಾರಿಕೆಗಳು, ಎಲ್ಲೆಲ್ಲೂ ಇದೇ ಕತೆ. ಪರಿಹಾರದ ಹಣ ಬರುತ್ತೆ ಅಂದಾಗ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಇರುತ್ತೆ. ಗೌರಿಹಬ್ಬದ ಬಾಗಿನಕ್ಕೂ ಹೋಗದೆ ಇದ್ದ ತಮ್ಮ ಅವತ್ತು ಅಕ್ಕನ ಮನೆಗೆ ಕಾರು ತಗೊಂಡು ಹೋಗ್ತಾನೆ. "ಬರೀ ಒಂದು ಸಹಿ ಅಕ್ಕಾ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಹತ್ತು ನಿಮಿಷದ ಕೆಲಸ." ಆ ಪತ್ರದ ಹೆಸರು ಹಕ್ಕು ಖುಲಾಸೆ ಪತ್ರ. 72 ವರ್ಷ ಕಾನೂನು ಮಾಡುತ್ತಿದ್ದ ಕೆಲಸವನ್ನ ಈಗ ಈ ಪತ್ರ ಮಾಡ್ತಿದೆ.

ತಮ್ಮನ ಕಡೆಯ ಮಾತೂ ಇದೆ. ಊರಲ್ಲೇ ಉಳಿದು, ಬೋರು ಕೊರೆಸಿ, ಅಪ್ಪನ ಆಸ್ಪತ್ರೆ ಖರ್ಚು ನೋಡಿಕೊಂಡವನು ಅವನು. ಅಕ್ಕನ ಮದುವೆ ಸಾಲ ತೀರಿಸಿದವನೂ ಅವನೇ ಇರಬಹುದು. ಇವೆಲ್ಲ ನಿಜವಾದ ಲೆಕ್ಕಗಳು, ಕೂತು ಮಾತಾಡಿ ಪಾಲುಪಟ್ಟಿಯಲ್ಲಿ ಸರಿಹೊಂದಿಸಬಹುದು. ಆದರೆ ವರದಕ್ಷಿಣೆ 1961ರಿಂದಲೇ ಅಪರಾಧ. ಅದನ್ನ ಕೊಟ್ಟಿದ್ದಕ್ಕೆ ಅಕ್ಕನ ಪಾಲು ವಜಾ ಅನ್ನೋದಕ್ಕೆ ಆಧಾರ ಇಲ್ಲ. "ಹೊಲ ಬೇರೆ ಮನೆ ಪಾಲಾಗುತ್ತೆ" ಅನ್ನೋ ಭಯಕ್ಕೂ 1956ರ ಕಾಯ್ದೆಯಲ್ಲೇ ಒಂದು ಉತ್ತರ ಇದೆ: ತಂದೆತಾಯಿಯಿಂದ ವಾರಸಾಗಿ ಬಂದ ಆಸ್ತಿ, ಹೆಣ್ಣುಮಗಳು ವಿಲ್ ಬರೆಯದೆ, ಮಕ್ಕಳಿಲ್ಲದೆ ತೀರಿಕೊಂಡರೆ, ತಂದೆಯ ವಾರಸುದಾರರಿಗೇ ವಾಪಸ್ ಬರುತ್ತೆ.

ಹಾಗಾದ್ರೆ ಸಹಿಗೆ ಮುಂಚೆ ನೋಡಬೇಕಾದ್ದೇನು? ಪಹಣಿಯಲ್ಲಿ ಒಬ್ಬನದ್ದೇ ಹೆಸರಿದೆ ಅಂದ ಮಾತ್ರಕ್ಕೆ ಜಮೀನು ಅವನೊಬ್ಬನದ್ದಾಗಲ್ಲ. ಪಹಣಿ ಕಂದಾಯದ ದಾಖಲೆ, ಹಕ್ಕು ತೀರ್ಮಾನ ಮಾಡೋದು ಸಿವಿಲ್ ಕೋರ್ಟ್. ಪೌತಿ ಖಾತೆ ಅಣ್ಣನ ಹೆಸರಿಗೆ ಆಗಿಬಿಟ್ಟಿದ್ದರೂ ಕತೆ ಮುಗೀಲಿಲ್ಲ. "ಅವತ್ತೇ ಬಾಯಿಮಾತಲ್ಲಿ ಭಾಗ ಆಗಿತ್ತು" ಅನ್ನೋ ವಾದ ಸುಲಭಕ್ಕೆ ನಿಲ್ಲಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಭಾಗಗಳನ್ನ ಕಾನೂನು ಮುಟ್ಟಲ್ಲ, ಆದರೆ ನೋಂದಾಯಿತ ಪತ್ರ ಇಲ್ಲವೇ ಕೋರ್ಟ್ ಡಿಕ್ರಿ ಕೇಳುತ್ತೆ. ಬಾಯಿಮಾತಿನ ಭಾಗವನ್ನ ಒಪ್ಪೋದು ಅಪರೂಪಕ್ಕೆ, ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಇದ್ದಾಗ ಮಾತ್ರ. ತಂದೆ ವಿಲ್ ಬರೆಯಬಹುದು, ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೆ ಪಿತ್ರಾರ್ಜಿತದಲ್ಲಿ ಅವರು ಬರೆದುಕೊಡಬಹುದಾದ್ದು ತಮ್ಮ ಪಾಲನ್ನ ಮಾತ್ರ. ನೋಂದಾಯಿತ ಖುಲಾಸೆ ಪತ್ರಕ್ಕೆ ಸಹಿ ಹಾಕಿದ ಮೇಲೆ ಅದನ್ನ ರದ್ದು ಮಾಡಿಸೋದು ಬಹಳ ಕಷ್ಟ, ಮೋಸ ಆಗಿದೆ ಅಂತ ಸಾಬೀತು ಮಾಡಬೇಕು, ಅದಕ್ಕೂ ಕಾಲಮಿತಿ ಇದೆ.

ಇಷ್ಟೂ ಹೇಳಿದ್ದು ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬಗಳಿಗೆ. ಶಿರಾದ ಮುಸ್ಲಿಂ ಮನೆಗಳಿಗೆ ಬೇರೆ ಕಾನೂನು. ಪರಿಶಿಷ್ಟ ಪಂಗಡಗಳಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಅನ್ವಯಿಸಲ್ಲ ಅಂತ ಅದರ 2(2)ನೇ ಸೆಕ್ಷನ್ ಹೇಳುತ್ತೆ. ನಮ್ಮ ಸೀಮೆಯ ನಾಯಕ ಸಮುದಾಯದ ಹೆಣ್ಣುಮಕ್ಕಳು ವಕೀಲರ ಹತ್ರ ಹೋದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಗೊತ್ತಿದ್ದು ಬಿಟ್ಟುಕೊಡೋ ಅಕ್ಕಂದಿರೂ ಇದ್ದಾರೆ. ತಮ್ಮನ ಕಷ್ಟ ನೋಡಿ, ತವರಿನ ಬಾಗಿಲು ತೆರೆದಿರಲಿ ಅಂತ. ಅದು ಅವರ ನಿರ್ಧಾರ, ಗೌರವಿಸೋಣ. ಆದರೆ ಅದು ನಿರ್ಧಾರ ಆಗಬೇಕಂದ್ರೆ ತನ್ನ ಪಾಲು ಎಷ್ಟು ಅಂತ ಅವಳಿಗೆ ಮೊದಲು ಗೊತ್ತಿರಬೇಕು. ಮುಂದಿನ ಸಲ ಊರಿಗೆ ಹೋದಾಗ ಪಹಣಿ, ಮ್ಯುಟೇಶನ್ ಪ್ರತಿ, ಹಳೇ ಪಾಲುಪಟ್ಟಿ ಇದ್ದರೆ ಅದನ್ನೂ ತೆಗೆಸಿ. ಅಪ್ಪ ಅಮ್ಮ ಇನ್ನೂ ಇರುವಾಗಲೇ ಅಕ್ಕತಂಗಿಯರನ್ನೂ ಕೂರಿಸಿಕೊಂಡು ಓದಿ. ಎಷ್ಟು ಎಕರೆ, ಯಾರಿಗೆ ಎಷ್ಟು, ಅಂತ ಎಲ್ಲರ ಎದುರು ಬರೆದಿಡಿ. ಸಹಿಯ ವಿಷಯ ಆಮೇಲೆ.