ಸ್ವಯಂನಿರ್ಮಿತ ವಿಮಾನಗಳಲ್ಲಿ ಆಂಟೆನಾ: ಆಯ್ಕೆ ಮತ್ತು ಅಳವಡಿಕೆ

ಕಾರ್ಖಾನೆಯಲ್ಲಿ ತಯಾರಾಗದೆ, ನಕ್ಷೆ ಅಥವಾ ಬಿಡಿಭಾಗಗಳ ಕಿಟ್ ಆಧರಿಸಿ ಹವ್ಯಾಸಿಗಳು ಕಟ್ಟಿಕೊಳ್ಳುವ ಲಘು ವಿಮಾನಗಳಲ್ಲಿ, ಸಂಭಾಷಣೆ, ದಿಕ್ಕಿನ ನಿರ್ಣಯ ಹಾಗೂ ಗುರುತು ತಿಳಿಸುವಿಕೆಗೆ ಬಳಸುವ ರೇಡಿಯೊಗಳಿಗೆ ಯಾವ ಆಂಟೆನಾ ಒಪ್ಪುತ್ತದೆ ಎಂಬುದನ್ನು ಮೊದಲು ನಿರ್ಧರಿಸುವುದು ವಿಮಾನದ ಹೊದಿಕೆಯೇ. ಅಲ್ಯೂಮಿನಿಯಂ ಹೊದಿಕೆಯ ವಿಮಾನದಲ್ಲಿ ತರಂಗಾಂತರದ ಕಾಲುಭಾಗದಷ್ಟು ಉದ್ದದ ಕಡ್ಡಿಯನ್ನು ಹೊರಮೈಗೆ ಬಿಗಿದರೆ ಸಾಕು; 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಸಂಭಾಷಣೆಯ ಪಟ್ಟಿಗೆ ಈ ಉದ್ದ ಸುಮಾರು 58 ಸೆಂಟಿಮೀಟರ್. ಕಡ್ಡಿಯ ಬುಡದಲ್ಲಿ ಹರಡಿರುವ ಲೋಹವೇ ಆಂಟೆನಾದ ಉಳಿದರ್ಧದ ಕೆಲಸ ಮಾಡುತ್ತದೆ. ಇದಕ್ಕೆ ಗ್ರೌಂಡ್ ಪ್ಲೇನ್ ಎಂದು ಹೆಸರು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಮಾದರಿಯಂತೆ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನಗಳಲ್ಲಿ ಇಂಥ ಲೋಹದ ಹರವು ಇರುವುದಿಲ್ಲವಾದ್ದರಿಂದ, ತಗಡನ್ನೋ ಲೋಹದ ಪಟ್ಟಿಗಳನ್ನೋ ಪ್ರತ್ಯೇಕವಾಗಿ ಕೂರಿಸಬೇಕು, ಇಲ್ಲವೇ ಎರಡೂ ತೋಳುಗಳಿರುವ ಡೈಪೋಲ್ ಆಂಟೆನಾವನ್ನು ಆರಿಸಿಕೊಳ್ಳಬೇಕು.

ಗಾಜಿನ ನಾರಿನ ವಿಮಾನಗಳದು ಹೆಚ್ಚು ಸ್ವಾರಸ್ಯಕರವಾದ ಪರಿಸ್ಥಿತಿ. ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗಾಗಿಯೇ ರೂಪಿಸಿದ, 1979ರಲ್ಲಿ ಮೊದಲು ಹಾರಿದ ಲಾಂಗ್-ಈಜಿ ವಿಮಾನದಲ್ಲಿ ಫೋಮ್ ತಿರುಳಿನ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಲಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು (ಎನ್‌ಎಎಲ್) 1980ರ ದಶಕದಲ್ಲಿ ಇದೇ ವಿನ್ಯಾಸವನ್ನು ಆಧರಿಸಿ ಎಲ್‌ಸಿಆರ್‌ಎ ಎಂಬ ಸಂಶೋಧನಾ ವಿಮಾನವನ್ನು ಕಟ್ಟಿತು. ಸಂಯುಕ್ತ ವಸ್ತುಗಳ ಹಂಸ ತರಬೇತಿ ವಿಮಾನ ಆ ಬಳಿಕ ಬಂದಿತು. ಗಾಜಿನ ನಾರು ರೇಡಿಯೊ ಅಲೆಗಳನ್ನು ತಡೆಯುವುದಿಲ್ಲವಾದ್ದರಿಂದ ತಾಮ್ರದ ತೆಳುಪಟ್ಟಿಯ ಡೈಪೋಲನ್ನು ಹೊದಿಕೆಯ ಒಳಗೇ ಹುದುಗಿಸಬಹುದು. ಇದರಿಂದ ಗಾಳಿಯ ಎಳೆತ ಹೆಚ್ಚುವುದಿಲ್ಲ. ಸಂಭಾಷಣೆಯ ಅಲೆಗಳು ಲಂಬ ಧ್ರುವೀಕರಣದವು ಆದಕಾರಣ ಅದರ ಪಟ್ಟಿಯನ್ನು ರೆಕ್ಕೆಯ ತುದಿಯಲ್ಲಿ ನೆಟ್ಟಗೆ ನಿಂತಿರುವ ಕಿರುರೆಕ್ಕೆಯಲ್ಲಿ ಇಡಲಾಗುತ್ತದೆ. 108ರಿಂದ 118 ಮೆಗಾಹರ್ಟ್ಸ್‌ನಲ್ಲಿ ದಿಕ್ಕು ತಿಳಿಸುವ ವಿಓಆರ್ ಕೇಂದ್ರಗಳ ಅಲೆಗಳು ಅಡ್ಡ ಧ್ರುವೀಕರಣದವಾಗಿರುವುದರಿಂದ ಅದರ ಪಟ್ಟಿಗೆ ಮೂತಿಯ ಬಳಿಯ ಅಡ್ಡರೆಕ್ಕೆ ಒಪ್ಪುತ್ತದೆ. ಕೇಬಲ್ ಸೇರುವ ಜಾಗದಲ್ಲಿ ಫೆರೈಟ್ ಉಂಗುರಗಳನ್ನು ತೊಡಿಸದಿದ್ದರೆ ಕೇಬಲಿನ ಹೊರಕವಚವೂ ಆಂಟೆನಾದಂತೆ ವರ್ತಿಸತೊಡಗುತ್ತದೆ. ಹೊದಿಕೆ ಒಮ್ಮೆ ಗಟ್ಟಿಯಾದ ಮೇಲೆ ಅದನ್ನು ಕತ್ತರಿಸದೆ ಪಟ್ಟಿಯನ್ನು ಸರಿಪಡಿಸಲಾಗದು, ಆದ್ದರಿಂದ ಆಂಟೆನಾಗಳ ಯೋಜನೆ ರೆಕ್ಕೆಯ ಕೆಲಸಕ್ಕಿಂತ ಮುಂಚೆಯೇ ಮುಗಿದಿರಬೇಕು. ಇಂಗಾಲದ ನಾರು ವಿದ್ಯುದ್ವಾಹಕ. ಅದರ ಒಳಗಿಟ್ಟ ಆಂಟೆನಾ ನಿಷ್ಪ್ರಯೋಜಕ.

ನೆಲದ ರೇಡಾರಿಗೆ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುವ ಟ್ರಾನ್ಸ್‌ಪಾಂಡರಿನ ಆಂಟೆನಾ ಸುಮಾರು 7 ಸೆಂಟಿಮೀಟರ್ ಉದ್ದದ್ದು; ಅದನ್ನು ವಿಮಾನದ ಹೊಟ್ಟೆಯ ಕೆಳಗೆ ಕೂರಿಸಲಾಗುತ್ತದೆ. ಜಿಪಿಎಸ್ ಆಂಟೆನಾಕ್ಕೆ ತೆರೆದ ಆಕಾಶ ಕಾಣಬೇಕಾದ್ದರಿಂದ ಅದರ ಸ್ಥಾನ ಮೇಲ್ಭಾಗ. ಸಂಭಾಷಣೆಯ ಆಂಟೆನಾದಿಂದ ಇದನ್ನು ದೂರವಿಡುವುದಕ್ಕೆ ಖಚಿತ ಕಾರಣವಿದೆ: 121.15 ಮೆಗಾಹರ್ಟ್ಸ್‌ನ ಹದಿಮೂರು ಪಟ್ಟು 1574.95 ಆಗಿ, ಜಿಪಿಎಸ್‌ನ 1575.42ಕ್ಕೆ ತೀರ ಹತ್ತಿರ ಬೀಳುತ್ತದೆ.

ಕೇಬಲ್ 50 ಓಮ್‌ನದಾಗಿದ್ದು, ಎರಡು ಪದರ ಕವಚದ ಆರ್‌ಜಿ-400 ಉತ್ತಮ. ಆಂಟೆನಾ ತಾಗುವಲ್ಲಿ ಬಣ್ಣ ಕೆರೆದು ಲೋಹಕ್ಕೆ ಲೋಹ ಕೂಡಿಸಿ, ತೇವ ನುಗ್ಗದಂತೆ ಅಂಚನ್ನು ಮುಚ್ಚಬೇಕು. ಮಲೆನಾಡು, ಕರಾವಳಿಗಳ ಹವೆಯಲ್ಲಿ ಈ ಕೂಡು ಬಹುಬೇಗ ತುಕ್ಕಿಗೆ ಈಡಾಗುತ್ತದೆ. ಪ್ರೇಷಕಕ್ಕೆ ಹಿಂತಿರುಗುವ ಶಕ್ತಿಯನ್ನು ಸೂಚಿಸುವ ಎಸ್‌ಡಬ್ಲ್ಯುಆರ್ ಅನುಪಾತವನ್ನು ಪಟ್ಟಿಯ ಎರಡೂ ತುದಿ ಹಾಗೂ ನಡುವಿನ ಆವರ್ತನಗಳಲ್ಲಿ ಅಳೆಯಲಾಗುತ್ತದೆ; ಅದು 2 ಇದ್ದಾಗ ಸುಮಾರು ಶೇ. 11ರಷ್ಟು, 3 ಇದ್ದಾಗ ಶೇ. 25ರಷ್ಟು ಶಕ್ತಿ ಹಿಂದಕ್ಕೆ ಬರುತ್ತದೆ.