ಖರ್ಜದ ತಂತಿ, ಬೇಸ್ ಗಿಟಾರು ಮತ್ತು ಒಂದೆಳೆ ನೂಲು

ಪುಣೆಯ ಪಶ್ಚಿಮಕ್ಕಿರುವ ಕೋಥರೂಡ ಒಂದು ಕಾಲದಲ್ಲಿ ಊರಾಚೆಯ ಹಳ್ಳಿ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅದು ಬಹುಮಹಡಿ ಕಟ್ಟಡಗಳ ಬಡಾವಣೆಯಾಗಿ ಬೆಳೆಯಿತು. ಇಂತಹ ಬಡಾವಣೆಯ ಒಂದೇ ಕಟ್ಟಡದಲ್ಲಿ ಒಬ್ಬರು ತಂಬೂರಿಯೊಡನೆ ಖರ್ಜಸಾಧನೆ ನಡೆಸುತ್ತಿರುವಾಗ ಮೇಲಿನ ಮನೆಯ ತರುಣನೊಬ್ಬ ಬೇಸ್ ಗಿಟಾರನ್ನು ನುಡಿಸುತ್ತಿರುವುದು ಇಂದು ಸೋಜಿಗದ ಸಂಗತಿಯಲ್ಲ. ಈ ಎರಡು ವಾದ್ಯಗಳಿಗೂ ಏನು ನಂಟು ಎಂದು ಕೇಳಬಹುದು. ಕಂಪನಗಳ ಲೆಕ್ಕ ಹಿಡಿದರೆ ಇವು ನೆರೆಹೊರೆಯವೇ ಆಗಿವೆ. ಗಾಯಕನ ಷಡ್ಜವು ಹಾರ್ಮೋನಿಯಮ್ಮಿನ ಮಂದ್ರ ಸಪ್ತಕದ ಕಪ್ಪು ಒಂದರಲ್ಲಿದ್ದರೆ, ತಂಬೂರಿಯ ಖರ್ಜದ ತಂತಿ ಸೆಕೆಂಡಿಗೆ ಸುಮಾರು 69 ಬಾರಿ ಕಂಪಿಸುತ್ತದೆ. ಬೇಸ್ ಗಿಟಾರಿನ ನಾಲ್ಕು ತಂತಿಗಳ ಕಂಪನ ಸುಮಾರು 41, 55, 73 ಮತ್ತು 98. ಅಂದರೆ ನಮ್ಮ ಖರ್ಜವು ಅದರ ಎರಡನೆಯ ಮತ್ತು ಮೂರನೆಯ ತಂತಿಗಳ ನಡುವೆ ಬಂದು ನಿಲ್ಲುತ್ತದೆ.

ಎತ್ತರ ಒಂದೇ ಆದರೂ ನಾದದ ಬಣ್ಣ ಬೇರೆ. ಆ ಬಣ್ಣವನ್ನು ತೀರ್ಮಾನಿಸುವುದು ಬಹುಮಟ್ಟಿಗೆ ತಂತಿಯು ಕುದುರೆಯ ಮೇಲೆ ಒರಗುವ ಅಂಗುಲದಷ್ಟು ಜಾಗ. ಆ ಜಾಗದಲ್ಲಿ ಯಾರು ಏನು ಮಾಡಿದರು, ಯಾವ ಸಂಗೀತಕ್ಕಾಗಿ ಮಾಡಿದರು ಎಂಬುದೇ ಮಂದ್ರನಾದದ ಇತಿಹಾಸ.

ನಮ್ಮ ಕಡೆ ಈ ಇತಿಹಾಸವು ಕರ್ನಾಟಕದ ಗಡಿಗೆ ಹತ್ತಿರದ ಮಿರಜಿನಲ್ಲಿ ತೊಡಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಯುಧಗಳಿಗೆ ಬೇಡಿಕೆ ಕುಗ್ಗಿದಾಗ, ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ತಂತಿವಾದ್ಯಗಳ ತಯಾರಿಕೆಗೆ ಕೈಹಾಕಿದರು. ಅವರಲ್ಲಿ ಫರೀದಸಾಹೇಬರ ಹೆಸರು ಮೊದಲಿನದು. ಅಲಗಿನ ಅಂಚನ್ನು ಕೂದಲೆಳೆಯಷ್ಟು ಹದಗೊಳಿಸುತ್ತಿದ್ದ ಕೈ, ಕುದುರೆಯ ಮೈಯನ್ನು ಉಜ್ಜಿ ಜವಾರಿ ತೆಗೆಯಲು ಕಲಿಯಿತು. ಇದು ಜವಾರಿ ಜೋಳದ ಜವಾರಿಯಲ್ಲ. ಅಗಲವಾದ ಕುದುರೆಯ ಮೈಗೆ ಕಂಡೂ ಕಾಣದಂತಹ ಬಾಗು ಕೊಟ್ಟು, ಕಂಪಿಸುವ ತಂತಿ ಅದನ್ನು ಸವರಿಕೊಂಡೇ ನುಡಿಯುವಂತೆ ಮಾಡುವ ಕೆಲಸ. ತಂತಿಯ ಕೆಳಗೆ ಒಂದೆಳೆ ಹತ್ತಿಯ ನೂಲನ್ನು ಇಟ್ಟು ಹಿಂದೆ ಮುಂದೆ ಸರಿಸುತ್ತಾರೆ. ಹದವಾದ ಬಿಂದು ಸಿಕ್ಕೊಡನೆ ನಾದ ಅರಳುತ್ತದೆ. ಆ ನೂಲಿಗೆ ಜೀವಾಳ ಎಂದು ಹೆಸರಿಟ್ಟವರು ಅತಿಶಯೋಕ್ತಿ ಮಾಡಲಿಲ್ಲ.

ಜವಾರಿಯಲ್ಲಿಯೂ ತೆರೆದದ್ದು, ಮುಚ್ಚಿದ್ದು ಎಂಬ ಭೇದವುಂಟು. ತೆರೆದ ಜವಾರಿಯಲ್ಲಿ ಉಪಸ್ವರಗಳು ಝೇಂಕರಿಸುತ್ತವೆ; ಮುಚ್ಚಿದ ಜವಾರಿಯಲ್ಲಿ ನಾದ ದುಂಡಗೆ, ಮೃದುವಾಗಿ ನಿಲ್ಲುತ್ತದೆ. ಯಾವುದು ಬೇಕೆಂಬುದನ್ನು ಹಾಡುವವರ ಕಂಠ ಮತ್ತು ಶೈಲಿ ನಿರ್ಧರಿಸುತ್ತವೆ. ಮಿರಜಿನಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಮ್ ಖಾನರು (1872–1937) ವಾದ್ಯಗಳನ್ನು ಸ್ವತಃ ದುರಸ್ತಿ ಮಾಡಬಲ್ಲವರಾಗಿದ್ದರು. ಒಂದೊಂದೇ ಸ್ವರದಲ್ಲಿ ನಿಂತು ಬೆಳೆಯುವ ಕಿರಾಣಾ ಆಲಾಪಕ್ಕೆ ಬಿರುಕಿಲ್ಲದ ನಾದದ ನೆಲ ಬೇಕು. ಚೆನ್ನಾಗಿ ಶ್ರುತಿಗೊಂಡ ಖರ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಬರುತ್ತದೆ. ಅದು ಆ ತಂತಿಯ ಐದನೆಯ ಉಪಸ್ವರ. ಗಾಯಕ ತನ್ನ ಗಾಂಧಾರವನ್ನು ಅದರ ಪಕ್ಕದಲ್ಲಿಟ್ಟು ತೂಗಿ ನೋಡಬಹುದು.

ಈ ಪರಂಪರೆ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಕನ್ನಡ ನಾಡಿನಲ್ಲಿ ಬೇರೂರಿತು. ಅವರ ಶಿಷ್ಯರಾದ ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, 1953ರಲ್ಲಿ ಗುರುವಿನ ಹೆಸರಿನ ಉತ್ಸವವನ್ನು ಆರಂಭಿಸಿದರು. ಮತ್ತೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಕಂಠವು ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಡುಸಾಗಿ ಕೆಳಗಿಳಿಯಿತು. ಕಂಠ ಇಳಿದರೆ ತಂಬೂರಿಯೂ ಇಳಿಯಬೇಕು. ಅದೇ ತಂತಿಯನ್ನು ಸಡಿಲಿಸಿದರೆ ನಾದ ಸೊರಗುತ್ತದೆ. ತಂತಿಯ ದಪ್ಪ ಬದಲಾಗಬೇಕು, ಜವಾರಿಯನ್ನು ಹೊಸದಾಗಿ ಹದಗೊಳಿಸಬೇಕು.

ಈ ಹದದ ಹಿಂದಿನ ಭೌತಶಾಸ್ತ್ರವನ್ನು 1921ರಲ್ಲಿ ಸಿ.ವಿ. ರಾಮನ್ ವಿವರಿಸಿದರು. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದಾಗ, ಆ ಬಿಂದುವಿನಲ್ಲಿ ನಿಶ್ಚಲವಾಗಿರುವ ಉಪಸ್ವರಗಳು ಕೇಳಿಸಬಾರದು ಎಂಬುದು ಪಾಶ್ಚಾತ್ಯ ಶಾಸ್ತ್ರದ ನಿಯಮ. ತಂಬೂರಿ ಮತ್ತು ವೀಣೆಗಳು ಆ ನಿಯಮವನ್ನು ಮೀರುತ್ತವೆಂದೂ ಅದಕ್ಕೆ ಕುದುರೆಯ ಬಾಗಿದ ಮೈಯೇ ಕಾರಣವೆಂದೂ ಅವರು ತೋರಿಸಿದರು.

ಇನ್ನು ಬೇಸ್ ಗಿಟಾರಿನ ಕಡೆ ಬರೋಣ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದಾಗ ಅದರ ತಂತಿಗಳಿಗೆ ಚಪ್ಪಟೆ ಪಟ್ಟಿಯ ಸುತ್ತು ಇತ್ತು. ನಾದ ಮೃದು, ಗಿಡ್ಡ. ಡೆಟ್ರಾಯಿಟ್ ನಗರದ ಮೋಟೌನ್ ಧ್ವನಿಮುದ್ರಣಗಳಲ್ಲಿ ಜೇಮ್ಸ್ ಜೇಮರ್ಸನ್ ಅಂಥ ತಂತಿಗಳನ್ನೇ ವರ್ಷಗಟ್ಟಲೆ ಬದಲಿಸದೆ ಬಳಸಿದರು. ಅವರ ವಾದ್ಯದ ಕುದುರೆಯ ಮುಚ್ಚಳದ ಕೆಳಗೆ ತಂತಿಗಳನ್ನು ಒತ್ತುವ ಸ್ಪಂಜಿನ ತುಂಡೂ ಇತ್ತು. ಹಾಡುಗಾರರ ಧ್ವನಿಗೆ ಅಡ್ಡಬಾರದೆ ತಾಳಕ್ಕೆ ತಳಹದಿಯಾಗುವ ನಾದ ಅದು. 1960ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಎಂಟ್‌ವಿಸಲ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ದುಂಡು ಸುತ್ತಿನ ಉಕ್ಕಿನ ತಂತಿಗಳಿಂದ ರಾಕ್ ಸಂಗೀತದ ಗದ್ದಲವನ್ನು ಸೀಳುವ ನಾದ ಪಡೆದರು. ರೆಗೆ ವಾದಕರು ತಾರಧ್ವನಿಯ ಗುಬುಟನ್ನು ತಗ್ಗಿಸಿ, ಕಿವಿಗಿಂತ ಎದೆಗೆ ತಾಗುವ ನಾದವನ್ನು ಆರಿಸಿಕೊಂಡರು. ಜಾಕೋ ಪಾಸ್ಟೋರಿಯಸ್ ಮೆಟ್ಟಿಲುಗಳಿಲ್ಲದ ಬೇಸನ್ನು ಕುದುರೆಯ ಸಮೀಪದಲ್ಲಿ ಮೀಟಿ ಅದನ್ನು ಹಾಡಿಸಿದರು.

ಜೇಮರ್ಸನ್ನರ ಸ್ಪಂಜು, ಮಿರಜಿನ ನೂಲು ಎರಡೂ ಕುಳಿತದ್ದು ಕುದುರೆಯ ಬಳಿಯಲ್ಲೇ. ಒಂದು ಉಪಸ್ವರಗಳನ್ನು ಅಡಗಿಸುತ್ತದೆ, ಇನ್ನೊಂದು ಬಿಡುಗಡೆ ಮಾಡುತ್ತದೆ. ಅಲ್ಲಿ ತಾಳ ಸ್ಪಷ್ಟವಾಗಬೇಕಿತ್ತು. ಇಲ್ಲಿ ಸ್ವರಕ್ಕೆ ಆಸರೆ ಬೇಕಿತ್ತು. ಮಂದ್ರನಾದವು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಮೇಲೆ ನಡೆಯುವ ಸಂಗೀತಕ್ಕೆ ಅದು ಎಷ್ಟು ಎಡೆ ಮಾಡಿಕೊಡುತ್ತದೆ ಎಂಬುದರಿಂದಲೇ ಅದರ ಬೆಲೆ ಗೊತ್ತಾಗುತ್ತದೆ.

1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಐದಡಿಯ ವಾದ್ಯವನ್ನು ಇಡಲು ಮೂಲೆಯಿಲ್ಲದ ಮನೆಗಳಿಗೆ ಅದು ನಿಜವಾದ ಉಪಕಾರ. ಕೋಥರೂಡದಂತಹ ಬಡಾವಣೆಗಳಲ್ಲಿ ಎಷ್ಟೋ ಮಕ್ಕಳ ಅಭ್ಯಾಸ ನಿಲ್ಲದೆ ಸಾಗಿರುವುದು ಇಂತಹ ಪೆಟ್ಟಿಗೆಗಳಿಂದ, ಈಗ ಮೊಬೈಲಿನಿಂದ. ಬೇಸ್ ವಾದಕರಿಗೂ ರಾಕ್, ಜಾಝ್, ಫಂಕ್ ಎಂದು ಹೆಸರಿಟ್ಟ ಸಿದ್ಧ ನಾದಗಳು ಒಂದು ಗುಂಡಿಯ ದೂರದಲ್ಲಿವೆ. ಅನುಕೂಲ ದೊಡ್ಡದು. ಆದರೆ ಆಯ್ಕೆಯನ್ನು ಬೇರೆಯವರು ಮೊದಲೇ ಮಾಡಿ ಮುಗಿಸಿರುತ್ತಾರೆ; ನೂಲನ್ನು ಸರಿಸುತ್ತ ಕಿವಿ ಕಲಿಯುತ್ತಿದ್ದ ಪಾಠ ಅಲ್ಲಿ ಸಿಗುವುದಿಲ್ಲ.

2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ಮಾನ್ಯತೆ ಹೆಸರನ್ನು ಕಾಪಾಡೀತು. ಜವಾರಿ ತೆಗೆಯುವ ಕೈ ಉಳಿಯಬೇಕಾದರೆ ತೆರೆದ ನಾದ, ಮುಚ್ಚಿದ ನಾದಗಳ ಭೇದವನ್ನು ಗುರುತಿಸಿ, ‘ನನಗೆ ಇಂಥದ್ದು ಬೇಕು’ ಎಂದು ಕೇಳುವ ಕಿವಿಗಳಿರಬೇಕು. ಕುದುರೆಯ ಮೇಲೆ ತಂತಿ ಗೆರೆ ಕೊರೆಯುತ್ತಲೇ ಇರುತ್ತದೆ, ಜವಾರಿ ಕೆಡುತ್ತಲೇ ಇರುತ್ತದೆ. ಅದನ್ನು ಮತ್ತೆ ಹದಗೊಳಿಸಲು ಕುಶಲಕರ್ಮಿ ಬೇಕು. ಅದು ಕೆಟ್ಟಿದೆಯೆಂದು ತಿಳಿಯಲು ಮಾತ್ರ ನುಡಿಸುವವರೇ ಬೇಕು.