ಕೊಳಚೆಯನ್ನುಣ್ಣುವ ಜೀವಿಗಳು



ಮನೆಯ ಹೊಲಸು ಮೋರಿಗೆ ಬಿದ್ದೊಡನೆ ನಮ್ಮ ಹೊಣೆ ತೀರಿತೆಂದು ನಾವು ಭಾವಿಸುವುದುಂಟು. ಅದನ್ನು ತಿಂದು ಅರಗಿಸತಕ್ಕ ಜೀವಿಗಳ ಚರಿತ್ರೆಯನ್ನು ಈ ದಿನ ಸಂಕ್ಷೇಪವಾಗಿ ನೋಡೋಣ.

1912ರಲ್ಲಿ ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞರಾದ ಗಿಲ್ಬರ್ಟ್ ಫೌಲರ್ ಅವರು ಅಮೆರಿಕದ ಲಾರೆನ್ಸ್ ಪಟ್ಟಣದಲ್ಲಿ, ಕೊಳಚೆನೀರಿಗೆ ಗಾಳಿಯೂದುವ ಪ್ರಯೋಗವನ್ನು ಕಂಡುಬಂದರು. ಅವರ ಪ್ರೇರಣೆಯಿಂದ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಅದನ್ನು ಮುಂದುವರಿಸಿದರು. ಮೊದಲ ಸಲ ನೀರು ಪೂರ್ಣವಾಗಿ ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಅವರು ತಿಳಿನೀರನ್ನು ಬಸಿದು, ತಳದ ಕೆಸರನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆಯನ್ನು ತುಂಬಿದರು. ಹೀಗೆ ಮತ್ತೆ ಮತ್ತೆ ಮಾಡಲಾಗಿ, ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ಹಾಲಿಗೆ ಹೆಪ್ಪು ಹೇಗೋ ಕೊಳಚೆಗೆ ಆ ಕೆಸರು ಹಾಗೆ. ಅದು ಬ್ಯಾಕ್ಟೀರಿಯಾಗಳ ಬೀಡು. 1914ರಲ್ಲಿ ಪ್ರಕಟವಾದ ಈ ವಿಧಾನವು ಕ್ರಮೇಣ ಲೋಕವನ್ನೆಲ್ಲ ವ್ಯಾಪಿಸಿತು.

ಆದರೆ ಬ್ಯಾಕ್ಟೀರಿಯಾಗಳು ತಿಂದುದರಲ್ಲಿ ಒಂದು ಭಾಗ ಮಾತ್ರ ಉಸಿರಾಗಿ ಹೋಗುತ್ತದೆ. ಉಳಿದುದು ಅವುಗಳ ಮೈಯಾಗಿ, ಕೆಸರು ದಿನದಿನಕ್ಕೂ ಬೆಳೆಯುತ್ತದೆ. ನೀರೇನೋ ಶುದ್ಧವಾಯಿತು, ಕೆಸರಿನ ಗತಿ? ಲಂಡನ್ ನಗರವು 1887ರಲ್ಲಿ ತನ್ನ ಕೆಸರನ್ನು ಹಡಗಿನಲ್ಲೊಯ್ದು ಸಮುದ್ರಕ್ಕೆ ಸುರಿಯತೊಡಗಿತು. ಆ ಪದ್ಧತಿ ಕೊನೆಗೊಂಡುದು 1998ರಲ್ಲಿ.

ಈ ಕಥೆಯ ಮುಂದಿನ ಎಳೆ ನಮ್ಮ ನಾಡಿನದು. ಫೌಲರ್ ಅವರು 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರಾಧ್ಯಾಪಕರಾಗಿ ಬಂದರು. ಅದೇ ಸಂಸ್ಥೆಯ ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ ಅವರು 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಹೊಸ ಮಾತನ್ನು ಮುಂದಿಟ್ಟರು: ಶುದ್ಧೀಕರಣದಲ್ಲಿ ಪ್ರೋಟೊಜೋವಾ ಎಂಬ ಏಕಕೋಶ ಜೀವಿಗಳ ಪಾತ್ರವೇ ಹಿರಿದೆಂದು. ಅವರ ವಾದವೆಲ್ಲವೂ ನಿಲ್ಲಲಿಲ್ಲ. ಕರಗಿದ ಹೊಲಸನ್ನು ಅರಗಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾಗಳೇ. ಆದರೂ ಅವರು ಬೆರಳಿಟ್ಟ ಸ್ಥಳ ಸರಿಯಾಗಿತ್ತು. 1968ರಲ್ಲಿ ಇಂಗ್ಲೆಂಡಿನ ಕರ್ಡ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಈ ಜೀವಿಗಳಿಲ್ಲದ ತೊಟ್ಟಿಗಳ ನೀರು ಕದಡಿಯೇ ಇದ್ದಿತು. ಇವುಗಳನ್ನು ಬಿಟ್ಟೊಡನೆ, ಚೆದರಿದ ಬ್ಯಾಕ್ಟೀರಿಯಾಗಳನ್ನು ತಿಂದು ತಿಳಿಮಾಡಿದುವು.

ಕೆಸರನ್ನು ಕುಗ್ಗಿಸುವ ಉಪಾಯವೂ ಇಲ್ಲಿಯೇ ಇದೆ. ಒಂದನ್ನೊಂದು ತಿನ್ನುವ ಪ್ರತಿ ಮೆಟ್ಟಿಲಲ್ಲಿಯೂ ಒಂದು ಪಾಲು ಉಸಿರಾಗಿ ಕಳೆಯುತ್ತದೆ. ಮೆಟ್ಟಿಲು ಹೆಚ್ಚಿದಷ್ಟೂ ಉಳಿಯುವ ಕೆಸರು ಕಡಿಮೆ. ಈ ತತ್ತ್ವದಿಂದಲೇ ಹಾಲೆಂಡಿನ ವಿಜ್ಞಾನಿಗಳು 2000ದ ನಂತರದ ವರ್ಷಗಳಲ್ಲಿ ನೀರುಹುಳುಗಳಿಗೆ ಕೆಸರನ್ನು ಉಣಿಸಿ ನೋಡಿದರು. ಕೆಸರು ಕಡಿಮೆಯಾಯಿತು, ಹುಳುಗಳ ಹಿಕ್ಕೆಯೂ ಬೇಗನೆ ತಳಕ್ಕಿಳಿಯಿತು.

ಆದರೆ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಯಾವ ಜೀವಿಯೂ ಉಸಿರಾಗಿ ಕಳೆಯಲಾರದು. ಕೆಸರು ಕುಗ್ಗಿದಂತೆಲ್ಲ ಅವು ಅದರಲ್ಲಿಯೇ ದಟ್ಟವಾಗುತ್ತವೆ. ಈ ಜೀವಿಗಳು ನಮ್ಮ ಹೊರೆಯನ್ನು ಹಗುರಮಾಡಿಯಾವು. ಮೋರಿಗೆ ಏನನ್ನು ಸುರಿಯಬೇಕು, ಏನನ್ನು ಸುರಿಯಬಾರದು ಎಂಬ ಹೊಣೆ ಮಾತ್ರ ನಮ್ಮದೇ.